ಕದ ಹಾಕುವ ಶಾಸ್ತ್ರ

“ಈ ಪಂಕ್ಚರ್ ಹುಡುಗನ ಪರಿಚಯ ಮಾಡ್ಕೊಂಡು ನಮಗೇನಾಗ್ಬೇಕು ಮೇಡಂ? ಕಾರಿನ ಟಯರ್ ಕೂತಾಗ ಮಾಡ್ಕೊಂಡ್ರಾಯ್ತು. ಇವನೊಬ್ಬನನ್ನ ಬಿಟ್ಟು ಆಟ ಶುರು ಮಾಡಿ” ಎಂದರು ಗುರುಸಿದ್ದಪ್ಪನವರು. ಹಾಗಂದದ್ದು ನನ್ನ ಮನೆಯಲ್ಲಿ, ನನ್ನ ಅವ್ವನ ಎದುರಿಗೆ, ಶಾಮಿಯಾನದ ಅಂಗಡಿಯಿಂದ ನಾನೇ ಹೊತ್ತು ತಂದ ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು. ಅಕ್ಕನನ್ನು ನೋಡಲು ಬಂದಿದ್ದ ಹುಡುಗನ ಕಡೆಯವರೆಲ್ಲ ನಕ್ಕರು. ನಮ್ಮ ಚಿಕ್ಕಪ್ಪ ಚಿಕ್ಕಮ್ಮನೂ ನಕ್ಕರು. ನನಗೆ ಉರಿದದ್ದು ಅದಕ್ಕೆ. ಸುಕನ್ಯಾ ಮೇಡಂ ಮಾತ್ರ ನಗಲಿಲ್ಲ. ಆಕೆಯದು ಉದ್ಯೋಗ. ಕೊರಳಲ್ಲಿದ್ದ ಪೀಪಿಯನ್ನು ಸರಿಮಾಡಿಕೊಂಡು, “ಬಿಡೋ ಹಾಗಿಲ್ಲ ಸಾರ್, ಒಳಗೆ ಕೂತಿದ್ದಾರಲ್ಲ. ಕೂತವರೆಲ್ಲ ಲೆಕ್ಕಕ್ಕೆ ಬರ್ತಾರೆ” ಎಂದರು.

ಬಾಗಿಲು ಆಗಲೇ ಹಾಕಿಯಾಗಿತ್ತು. ನಮ್ಮೂರಿನ ಬಾಗಿಲುಗಳ ಬುದ್ಧಿಯೇ ಅಂಥದ್ದು. ಒಬ್ಬರಿಗೊಬ್ಬರು ಗೊತ್ತಿಲ್ಲದವರನ್ನು ಒಳಗಿಟ್ಟುಕೊಂಡು ಒಮ್ಮೆ ಮುಚ್ಚಿಕೊಂಡರೆ, ಎಲ್ಲರಿಗೂ ಎಲ್ಲರ ಪರಿಚಯ ಆಗುವವರೆಗೆ ತೆಗೆಯುವುದಿಲ್ಲ. ಎಳೆದರೂ ಇಲ್ಲ, ಒದ್ದರೂ ಇಲ್ಲ. ಹಾಗಾಗಿ ನಮ್ಮ ಬಸ್ಸಿಗೆ ಬಾಗಿಲಿಲ್ಲ. ಟಾಕೀಸಿಗೆ ಪರದೆ. ಬ್ಯಾಂಕಿನ ಬಾಗಿಲಿಗೆ ರುಬ್ಬುವ ಕಲ್ಲು ಅಡ್ಡ ಇಟ್ಟು ಪಕ್ಕದಲ್ಲಿ ಒಬ್ಬನನ್ನು ಕೂರಿಸಿದ್ದಾರೆ, ಕಲ್ಲು ಕಾಯಲು. ಕಳ್ಳ ನುಗ್ಗಿದ ಮನೆಯಲ್ಲಿ ಗಾಳಿಗೆ ಬಾಗಿಲು ಹಾಕಿಕೊಂಡಿತೋ, ಮನೆಯವರೆಲ್ಲ ಎದ್ದು ಅವನಿಗೆ ಕಾಫಿ ಕೊಟ್ಟು, ಯಾವ ಊರಪ್ಪ, ಮಕ್ಕಳೆಷ್ಟು ಎಂದು ಕೇಳಬೇಕು. ಇಂಥ ಊರಲ್ಲಿ ಬಡಗಿಗೆ ಗಂಜಿಗೂ ಗತಿಯಿಲ್ಲ, ಪರದೆ ಮಾರುವವನೇ ಸಾಹುಕಾರ. ಗುರುಸಿದ್ದಪ್ಪನವರದು ಪರದೆ ಅಂಗಡಿ. ಪೇಟೆಯ ಎರಡೂ ತುದಿಗೆ ಒಂದೊಂದು.

ನನ್ನ ಓದು ನಿಂತದ್ದೂ ಒಂದು ಬಾಗಿಲಿನಿಂದಲೇ. ಏಳನೇ ಕ್ಲಾಸಿನಲ್ಲಿದ್ದಾಗ ವರ್ಷದ ನಡುವೆ ಸೇರಿದ ಹೊಸ ಹುಡುಗನೊಬ್ಬ ತಿಳಿಯದೆ ಬಾಗಿಲು ಎಳೆದುಬಿಟ್ಟ. ಊಟದ ಬೆಲ್ಲು ಹೊಡೆಯಿತು, ಬಾಗಿಲು ಜಗ್ಗಲಿಲ್ಲ. “ಇವನೇ ಕಣ್ರೋ, ಈ ಗಂಟುಮೋರೆಯವನೇ ಯಾರ ಹತ್ತಿರವೂ ಬೆರೆಯೋದಿಲ್ಲ” ಎಂದು ಹಸಿದ ಮೇಷ್ಟ್ರು ನನ್ನ ಕಿವಿ ಹಿಂಡಿದರು. ಹಸಿದ ಹುಡುಗರು ಬೆನ್ನಿಗೆ ಗುದ್ದಿದರು. ಮಾರನೆಯ ದಿನ ಶಾಲೆಯ ಕಾಂಪೌಂಡಿನ ಆಚೆಗಿದ್ದ ಪಂಕ್ಚರ್ ಅಂಗಡಿಗೆ ಹೋಗಿ ಕೂತೆ. ತಗಡಿನ ಮಾಡು, ಮೂರೇ ಗೋಡೆ, ಬಾಗಿಲಿಡಲು ಜಾಗವೇ ಇಲ್ಲ. ಇವತ್ತಿಗೂ ಅಲ್ಲೇ ಕೂತಿದ್ದೇನೆ, ಆರಾಮಾಗಿ.

ಇಷ್ಟು ಗೊತ್ತಿದ್ದೂ ನಮ್ಮೂರಿನ ಜನ ಬೇಕೆಂದೇ ಬಾಗಿಲು ಹಾಕಿಕೊಳ್ಳುವ ಒಂದೇ ಒಂದು ಸಂದರ್ಭ ಎಂದರೆ ಮದುವೆಯ ಮಾತುಕತೆ. ಅದಕ್ಕೆ ಕದ ಹಾಕುವ ಶಾಸ್ತ್ರ ಎನ್ನುತ್ತಾರೆ. ಎರಡು ಕಡೆಯವರೂ ಒಂದೇ ಕೋಣೆಯಲ್ಲಿ ಕೂರಬೇಕು. ಬಾಗಿಲು ತಾನಾಗಿ ತೆಗೆದರೆ ಸಂಬಂಧ ಕೂಡಿತು. ತೆಗೆಯದಿದ್ದರೆ ಹೊರಗಿನಿಂದ ಬಡಗಿ ಬಂದು ಕೀಲು ಕಳಚಬೇಕು, ಸಂಬಂಧ ಮುರಿಯಿತು. ಅಜ್ಜಿಯ ಕಾಲದಲ್ಲಿ ಹೀಗೆ ಕೂತವರು ದಿನಗಟ್ಟಲೆ ಒಳಗೇ ಇರುತ್ತಿದ್ದರಂತೆ. ಜಗಳ ಆಡುತ್ತಿದ್ದರಂತೆ, ಅಳುತ್ತಿದ್ದರಂತೆ, ಒಬ್ಬರ ಗೊರಕೆ ಇನ್ನೊಬ್ಬರು ಕೇಳುತ್ತಿದ್ದರಂತೆ. ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬರ ಹೊಟ್ಟೆಯ ಹುಣ್ಣು ಇನ್ನೊಬ್ಬರಿಗೆ ಗೊತ್ತಿರುತ್ತಿತ್ತು. ಈಗ ಅಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೇ ಪರಿಚಯದ ಆಟಗಳು ಬಂದವು, ಆಟ ಆಡಿಸುವವರು ಬಂದರು. ಸುಕನ್ಯಾ ಮೇಡಂ ಮನೆಯ ಮುಂದೆ ‘ಪರಿಚಯ ತಜ್ಞೆ’ ಎಂದು ಬೋರ್ಡಿದೆ. ಅದರ ಕೆಳಗೆ, ‘ಊಟ ಆರುವ ಮುಂಚೆ ಬಾಗಿಲು’. ಯಾರಿಗೆ ಯಾವ ಬಣ್ಣ ಇಷ್ಟ, ಯಾರಿಗೆ ಯಾವ ಹಣ್ಣು ಇಷ್ಟ ಎಂದು ಕೋಣೆಗೆಲ್ಲ ಗೊತ್ತಾದರೆ ಸಾಕು, ಬಾಗಿಲು ತೆಗೆಯುತ್ತದೆ. ಕೇಳಿ ಕೇಳಿ ಬಾಗಿಲುಗಳಿಗೂ ಬೇಜಾರು ಬಂದಿರಬೇಕು, ಹೋಗಿ ಹಾಳಾಗಿ ಎಂದು ಬಿಡುತ್ತವೆ.

ನಮ್ಮ ಮನೆಯ ಬಾಗಿಲು ಮಾತ್ರ ಹಾಗೆ ಬಿಟ್ಟಿರಲಿಲ್ಲ. ಅಕ್ಕ ದಾಕ್ಷಾಯಿಣಿಯನ್ನು ನೋಡಲು ಎರಡು ಸಂಬಂಧ ಬಂದು, ಎರಡು ಸಲವೂ ಬಡಗಿ ಬಂದಿದ್ದ. ಎರಡು ಸಲವೂ ತಪ್ಪು ನನ್ನ ಬಾಯಿಯದು ಎಂದು ಬೀದಿಯೆಲ್ಲ ತೀರ್ಮಾನವಾಯಿತು. ಮೊದಲನೆಯ ಸಲ ಹುಡುಗನ ಅಣ್ಣನಿಗೆ, “ನಿಮ್ಮ ಕೂದಲು ಫ್ಯಾನ್ ಗಾಳಿಗೆ ಜರುಗ್ತಿದೆ, ಹಿಡ್ಕೊಳ್ಳಿ” ಎಂದಿದ್ದೆ. ಜರುಗುತ್ತಿದ್ದದ್ದು ನಿಜ. ಮೂರು ಸಲ ಬಡಗಿ ಬಂದ ಮನೆಯ ಹೆಣ್ಣನ್ನು ಕೇಳಿಕೊಂಡು ನಮ್ಮೂರಲ್ಲಿ ನಾಲ್ಕನೆಯವರು ಬರುವುದಿಲ್ಲ. ಅವತ್ತಿನದು ಮೂರನೆಯದು. ಬೆಳಿಗ್ಗೆ ಅವ್ವ ನನ್ನ ಎರಡೂ ಕೈ ಹಿಡಿದುಕೊಂಡು, “ಇದೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳೋ ಪಂಚಿ. ಅವರು ಕತ್ತೆ ಅಂದ್ರೂ ಹೂಂ ಅನ್ನು. ಇವತ್ತು ಕದ ತೆಗೀಲಿಲ್ಲ ಅಂದ್ರೆ ನಿಮ್ಮಕ್ಕನ ಕತೆ ಮುಗೀತು” ಎಂದಿದ್ದಳು. ಅದಕ್ಕೇ ಪಂಕ್ಚರ್ ಮಾತನ್ನು ನುಂಗಿದೆ. ಉಗುಳಿನ ಜೊತೆ, ಕಷ್ಟಪಟ್ಟು.

ಮೇಡಂ ಮೊದಲು ಎಲ್ಲರ ಎದೆಗೂ ನಗುವ ಮುಖದ ಹಳದಿ ಸ್ಟಿಕರ್ ಅಂಟಿಸಿದರು. ಅವ್ವನ ಸೆರಗಿಗೂ ಒಂದು. ಆಮೇಲೆ ಪೀಪಿ ಊದಿ, “ನಿಮ್ಮ ಹೆಸರು, ಹೆಸರಿನ ಮೊದಲ ಅಕ್ಷರದಲ್ಲೇ ನಿಮ್ಮ ಒಂದು ಗುಣ! ಸಂಕೋಚ ಬೇಡ, ಎಲ್ಲರೂ ಚಪ್ಪಾಳೆ!” ಎಂದರು. ಗುರುಸಿದ್ದಪ್ಪನವರು “ಗಂಭೀರ ಗುರುಸಿದ್ದಪ್ಪ” ಎಂದರು. ಚಪ್ಪಾಳೆ. ಹುಡುಗನ ತಾಯಿ, ಅಂದರೆ ಗುರುಸಿದ್ದಪ್ಪನವರ ತಂಗಿ, ಮೊಣಕೈವರೆಗೆ ಬಂಗಾರದ ಬಳೆ ಝಣಗುಟ್ಟಿಸಿ “ಸರಳ ಸರ್ವಮಂಗಳಮ್ಮ” ಎಂದರು. ಅದಕ್ಕೂ ಚಪ್ಪಾಳೆ. ಅವ್ವ ಹೆದರಿಕೊಂಡು “ಪಾಪದ ಪುಟ್ಟಗೌರಮ್ಮ” ಎಂದಳು. ಹುಡುಗ ಉಮಾಪತಿ ಮಾವನ ಅಂಗಡಿಯಲ್ಲಿ ಪರದೆಯ ಬಟ್ಟೆ ಕತ್ತರಿಸುವವನು, ಉದ್ದಕ್ಕೆ, ತೆಳ್ಳಗೆ, ಅವನನ್ನೂ ಯಾರೋ ಅಂಚಿನಿಂದ ಕತ್ತರಿಸಿ ತಂದ ಹಾಗಿದ್ದ. ಅವನು ಯೋಚಿಸುತ್ತ ಕೂತಾಗ ತಾಯಿಯೇ “ಉತ್ತಮ ಉಮಾಪತಿ ಅನ್ನೋ” ಎಂದರು. “ಉತ್ತಮ ಉಮಾಪತಿ” ಎಂದ. ನನ್ನ ಸರದಿ ಬರುವ ಮೊದಲೇ ಗುರುಸಿದ್ದಪ್ಪನವರು “ಇವನದು ಬಿಡಿ, ರೆಡಿಮೇಡು. ಪಂಕ್ಚರ್ ಪಂಚಾಕ್ಷರಿ!” ಎಂದು ತೊಡೆ ತಟ್ಟಿಕೊಂಡರು. ಆ ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿತ್ತು. ಮೇಡಂ ಹೋಗಿ ಬಾಗಿಲು ಎಳೆದು ನೋಡಿದರು. ಇಲ್ಲ.

“ಪರವಾಗಿಲ್ಲ, ಇನ್ನೂ ಬಿಗಿಯಾಗಿದೀರ, ಸಡಿಲ ಆಗಿ” ಎಂದು ಎಲ್ಲರ ಭುಜ ಕುಣಿಸಿ, “ನೀವು ತರಕಾರಿ ಆಗಿದ್ದಿದ್ರೆ ಯಾವ ತರಕಾರಿ?” ಎಂದು ಕೇಳಿದರು. ದೊಡ್ಡ ದೊಡ್ಡವರು, ಮೊಮ್ಮಕ್ಕಳಿಗೆ ಬುದ್ಧಿ ಹೇಳುವ ವಯಸ್ಸಿನವರು, ಕಣ್ಣು ಮುಚ್ಚಿಕೊಂಡು ತಾವು ಯಾವ ತರಕಾರಿ ಎಂದು ಧ್ಯಾನ ಮಾಡಿದರು. ಸರ್ವಮಂಗಳಮ್ಮ ಎಳೆ ಬೆಂಡೆಕಾಯಿ ಆದರು. ನಮ್ಮ ಚಿಕ್ಕಪ್ಪ ಬದನೆಕಾಯಿ ಎಂದು, ಯಾಕೋ ಚಿಕ್ಕಮ್ಮನ ಮುಖ ನೋಡಿ, ಈರುಳ್ಳಿ ಎಂದು ಬದಲಾಯಿಸಿದ. ಗುರುಸಿದ್ದಪ್ಪನವರು “ಬೂದುಗುಂಬಳ. ದೃಷ್ಟಿ ತೆಗೆಯೋಕೂ ಆಗುತ್ತೆ, ಹುಳಿಗೂ ಆಗುತ್ತೆ” ಎಂದು ಸುತ್ತಲೂ ನೋಡಿದರು. ನಾನು ಹಾಗಲಕಾಯಿ ಎಂದೆ. “ಹೇಳೋದೇ ಬೇಡ” ಎಂದರು. ಬಾಗಿಲು ಎಳೆದರೆ, ಇಲ್ಲ.

ಕಿಟಕಿಯ ಸರಳಿನ ಆಚೆ ಬೀದಿಯ ಅರ್ಧ ಜನ ಸೇರಿದ್ದರು. ಎದುರುಮನೆ ಸಿದ್ದಕ್ಕನಂತೂ ಸ್ಟೂಲು ತಂದು ಹಾಕಿಕೊಂಡು, ಅವರೆಕಾಯಿ ಸುಲಿಯುತ್ತ ಕೂತಿದ್ದಳು. “ಪುಟ್ಟಗೌರಮ್ಮಾ, ಬಡಗಿ ಊರಲ್ಲೇ ಇದಾನೆ ಕಣೆ, ಬರೋಕೆ ಹೇಳ್ಲಾ?” ಎಂದು ಕೇಳಿದಳು. ಅವ್ವ ಕಿಟಕಿಯ ಕಡೆ ಕೈ ಮುಗಿದಳು. ಗುರುಸಿದ್ದಪ್ಪನವರು ಗಡಿಯಾರ ನೋಡಿ, “ರಾಹುಕಾಲದವರೆಗೆ ನೋಡೋಣ. ಆಮೇಲೆ ನಾವು ಕೂರೋರಲ್ಲ. ಹೆಣ್ಣಿಗೆ ಬರವಿಲ್ಲ ಊರಲ್ಲಿ” ಎಂದರು. ಉಪ್ಪಿಟ್ಟಿನ ತಟ್ಟೆಯನ್ನು ಎರಡನೆಯ ಸಲ ಮುಂದೆ ಚಾಚುತ್ತಲೇ ಅಂದರು.

ಆಗ ಮೇಡಂ ಕೆಂಪು ಉಲ್ಲನ್ ದಾರದ ದೊಡ್ಡ ಉಂಡೆಯೊಂದನ್ನು ತೆಗೆದರು. ಇದು ತಮ್ಮ ಬ್ರಹ್ಮಾಸ್ತ್ರ, ಇದಕ್ಕೆ ಬಗ್ಗದ ಬಾಗಿಲನ್ನು ತಾವು ನೋಡಿಲ್ಲ ಎಂದರು. ದಾರದ ತುದಿ ಹಿಡಿದುಕೊಂಡು, ತನಗೆ ಇಷ್ಟವಾದ ಒಂದು ಸಂಗತಿ ಹೇಳಿ, ಉಂಡೆಯನ್ನು ಎದುರಿನವರಿಗೆ ಎಸೆಯಬೇಕು. ಅವರು ಇನ್ನೊಬ್ಬರಿಗೆ. ಮಳೆ ಇಷ್ಟ, ಮಲ್ಲಿಗೆ ಇಷ್ಟ, ಹಳೆ ಹಾಡು ಇಷ್ಟ, ಚಿಕ್ಕಪ್ಪನಿಗೆ ಇನ್ನೊಂದು ಲೋಟ ಕಾಫಿ ಇಷ್ಟ. ಉಂಡೆ ಹಾರಿತು, ಎರಡೆರಡು ಸುತ್ತು. ಕೋಣೆಯ ತುಂಬ ಸೊಂಟದೆತ್ತರಕ್ಕೆ ಕೆಂಪು ಬಲೆ ಹರಡಿತು. “ನೋಡಿ, ಎಲ್ಲರೂ ಎಲ್ಲರಿಗೂ ಸೇರಿಕೊಂಡ್ರಿ! ಈಗ ನಾವೆಲ್ಲ ಒಂದೇ ಕುಟುಂಬ!” ಎಂದು ಮೇಡಂ ಕಣ್ಣಲ್ಲಿ ನೀರು ತಂದುಕೊಂಡು, ದಾರ ಜಗ್ಗದ ಹಾಗೆ ಹುಷಾರಾಗಿ ಹೋಗಿ ಬಾಗಿಲು ಎಳೆದರು. ಅದು ಗೋಡೆಯ ಹಾಗೆ ನಿಂತಿತ್ತು.

ಮೇಡಂ ಮುಖ ಸಣ್ಣದಾಯಿತು. ಹೀಗಾದರೆ ಮುಂದಿನ ತಿಂಗಳ ಮುಹೂರ್ತಗಳಿಗೆ ಆಕೆಯನ್ನು ಯಾರು ಕರೆಯುತ್ತಾರೆ? “ಯಾರೋ ಒಬ್ಬರು ಮನಸ್ಸು ಬಿಚ್ತಾ ಇಲ್ಲ” ಎಂದು ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಹತ್ತಿರ ನಿಂತರು. ಎಲ್ಲರ ಕತ್ತೂ ನನ್ನ ಕಡೆ ತಿರುಗಿತು. ಆ ಕತ್ತುಗಳ ತಿರುಗಾಟ ನನಗೆ ಏಳನೇ ಕ್ಲಾಸಿನಿಂದ ಗೊತ್ತು. “ಹೇಳಪ್ಪಾ, ಏನು ಮುಚ್ಚಿಟ್ಕೊಂಡಿದೀಯ?” ಎಂದರು ಸರ್ವಮಂಗಳಮ್ಮ. “ಕುಡಿತಾನೇನೋ” ಎಂದಿತು ಹುಡುಗನ ಕಡೆಯ ಒಂದು ದನಿ. “ಹೇಳ್ಬಿಡೋ ಪಂಚಿ, ನಿನ್ನ ಕಾಲಿಗೆ ಬೀಳ್ತೀನಿ” ಎಂದಳು ಅವ್ವ. ನನ್ನ ಬಾಯಿಯ ಬೀಗ ಅಷ್ಟು ಹೊತ್ತು ತಡೆದದ್ದೇ ಹೆಚ್ಚು. “ಮುಚ್ಚಿಟ್ಟಿರೋದು ಒಂದೇ. ಈ ಗುರುಸಿದ್ದಪ್ಪನವರನ್ನ ಕಂಡ್ರೆ ನನಗಾಗಲ್ಲ. ಇವರು ಬಾಯಿ ತೆಗೆದಾಗೆಲ್ಲ ಆ ಬಾಯಿಗೆ ಪಂಪಿಟ್ಟು ಗಾಳಿ ಹೊಡೆಯೋಣ ಅನ್ಸುತ್ತೆ” ಎಂದೆ. ಕಿಟಕಿಯಾಚೆ ಸಿದ್ದಕ್ಕನ ಅವರೆಕಾಯಿ ಚೆಲ್ಲಿತು. ಎಲ್ಲರೂ ಆಸೆಯಿಂದ ಬಾಗಿಲು ನೋಡಿದರು. ಅದು ಅಲ್ಲಾಡಲಿಲ್ಲ. “ಅದು ಬಂದಾಗಲೇ ಗೊತ್ತಾಯ್ತಲ್ಲಯ್ಯ, ಹೊಸದೇನಾದ್ರೂ ಹೇಳು” ಎಂದರು ಗುರುಸಿದ್ದಪ್ಪನವರು. ಬೇಜಾರಿನ ದನಿಯಲ್ಲಿ.

ಅದೇ ಹೊತ್ತಿಗೆ ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ದಾರಗಳ ಕೆಳಗೆ ಬಗ್ಗಿ ಬಗ್ಗಿ ಬರುತ್ತಿದ್ದ ಅಕ್ಕನ ಬಳೆಗೆ ಒಂದು ಎಳೆ ಸಿಕ್ಕಿತು. ತಟ್ಟೆ ವಾಲಿ ಬಿಸಿ ಕಾಫಿ ಗುರುಸಿದ್ದಪ್ಪನವರ ಪಂಚೆಯ ಮೇಲೆ ಬಿತ್ತು. ಅವರು ಕುರ್ಚಿಯಿಂದ ಹಾರಿ ಎದ್ದು, “ನೋಡ್ಕೊಂಡು ಓಡಾಡ್ಬಾರ್ದೇನಮ್ಮಾ! ಆಗಿಂದ ಸದ್ದಿಲ್ದಂಗೆ ಓಡಾಡ್ತೀಯ, ಇಲ್ಲಿ ಒಬ್ಬಳು ಇದಾಳೆ ಅಂತಲೇ ಗೊತ್ತಾಗಲ್ವಲ್ಲ!” ಎಂದು ಕೂಗಿದರು. ಕೂಗಿದವರು ಬಾಯಿ ತೆರೆದುಕೊಂಡೇ ನಿಂತರು. ಮೇಡಂ ಬಾಯಲ್ಲಿದ್ದ ಪೀಪಿ ಜಾರಿ ಎದೆಯ ಮೇಲೆ ನೇತಾಡಿತು.

ಮೇಡಂ ತಡವರಿಸಿದರು. “ಹುಡುಗಿ... ಹುಡುಗಿ ಅಡುಗೆಮನೇಲಿ ಇರ್ತಾಳಲ್ಲ ಸಾರ್, ಎಲ್ಲಾ ಕಡೆ. ಬಾಗಿಲು ತೆಗೆದ ಮೇಲೆ ತಾನೇ ಕರೆಸೋದು? ಎಲ್ಲಾ ಕಡೆ ಹಂಗೇ!” “ಇದೇ ಅಡುಗೆಮನೆ” ಎಂದೆ. ನಿಜವಾಗಿಯೂ ಇದೇ. ನಮ್ಮದು ಒಂದೇ ಕೋಣೆಯ ಮನೆ. ಕದದ ಪಕ್ಕ ಕೂತರೆ ನಡುಮನೆ, ಒಲೆಯ ಪಕ್ಕ ಕೂತರೆ ಅಡುಗೆಮನೆ. ಉಳ್ಳವರ ಮನೆಯಲ್ಲಿ ಹೆಣ್ಣು ಪರದೆಯ ಆಚೆಗಿರುತ್ತಾಳೆ, ಅವಳನ್ನು ಬಿಟ್ಟು ಉಳಿದವರು ತರಕಾರಿಗಳಾಗಿ ಬಾಗಿಲು ತೆಗೆಸಿಕೊಳ್ಳುತ್ತಾರೆ. ಇಡೀ ಊರಿನ ಮದುವೆಗಳು ಹಾಗೇ ಆಗಿವೆ. ನಮಗೆ ಆ ಅನುಕೂಲ ಇರಲಿಲ್ಲ. ನಾನು ಹೊತ್ತು ತಂದ ಕುರ್ಚಿಗಳಲ್ಲಿ ಅಕ್ಕನಿಗೆ ಒಂದು ಇರಲಿಲ್ಲ. ಎದೆಗೆ ಸ್ಟಿಕರ್ ಇರಲಿಲ್ಲ. ಎರಡು ಸಲ ಬಡಗಿ ಬಂದು ಕೀಲು ಕಳಚಿದಾಗಲೂ ಅವಳು ಇದೇ ಒಲೆಯ ಮುಂದೆ ಕೂತಿದ್ದಳು, ಊರು ನನ್ನ ನಾಲಿಗೆಗೆ ಶಾಪ ಹಾಕುತ್ತಿತ್ತು.

ನಾನು ಎದ್ದು ನನ್ನ ಕುರ್ಚಿ ತಳ್ಳಿದೆ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತಳು. ಮೇಡಂಗೆ ಜೀವ ಬಂದಿತ್ತು. “ಎರಡು ನಿಜ, ಒಂದು ಸುಳ್ಳು ಹೇಳಮ್ಮ. ಸುಳ್ಳು ಯಾವುದು ಅಂತ ಇವರು ಹೇಳ್ಲಿ. ಸುಲಭದ್ದು ಹೇಳು, ಹಣ್ಣು, ಬಣ್ಣ, ಏನಾದ್ರೂ” ಎಂದರು. ಅಕ್ಕ ಸ್ವಲ್ಪ ಹೊತ್ತು ತನ್ನ ಬಳೆಗೆ ಸಿಕ್ಕಿದ್ದ ದಾರ ಬಿಡಿಸಿಕೊಂಡಳು. ಆಮೇಲೆ ಮಗ್ಗಿ ಒಪ್ಪಿಸುವವಳ ಹಾಗೆ ಹೇಳಿದಳು. “ನಾನು ಮೂಡಲಕೆರೇನ ಈ ದಡದಿಂದ ಆ ದಡಕ್ಕೆ ಈಜ್ತೀನಿ. ಹೋದ ಸಲದ ಸಂಬಂಧ ಮುರಿದ ರಾತ್ರಿ ಖುಷಿಯಾಗಿ, ಅವರಿಗಂತ ಮಾಡಿದ್ದ ಪಾಯಸದ ತಪ್ಪಲೆ ನಾನೊಬ್ಬಳೇ ಖಾಲಿ ಮಾಡಿದೆ. ಇವತ್ತು ನೀವೆಲ್ಲ ಬಂದಿರೋದು ನನಗೆ ಸಂತೋಷ.”

ಎಲ್ಲರೂ ಗೊಳ್ಳೆಂದು ನಕ್ಕರು. “ಈಜು! ಈಜು ಸುಳ್ಳು! ಕೆರೆಯಂತೆ, ದಡವಂತೆ!” ಎಂದರು ಗುರುಸಿದ್ದಪ್ಪನವರು, ಒದ್ದೆ ಪಂಚೆಯಲ್ಲೇ. ಸರ್ವಮಂಗಳಮ್ಮ, “ಇಲ್ಲಣ್ಣ, ಪಾಯಸ ಸುಳ್ಳು. ಸಂಬಂಧ ಮುರಿದಿದ್ದಕ್ಕೆ ಯಾವ ಹುಡುಗಿ ಪಾಯಸ ತಿಂತಾಳೆ?” ಎಂದರು. ಅವ್ವ, “ಈಜೇ ಸುಳ್ಳು. ನನ್ನ ಮಗಳು ನೀರು ಕಂಡ್ರೆ ಹೆದರ್ತಾಳೆ” ಎಂದು ಸಮರ್ಥಿಸಿಕೊಂಡಳು. ಬಾಗಿಲು ಯಾರ ಮಾತಿಗೂ ಮಿಸುಕಲಿಲ್ಲ. “ತಮ್ಮ ಹೇಳ್ಲಿ, ಒಂದೇ ಮನೇಲಿರೋನು” ಎಂದರು ಮೇಡಂ. ನಾನು ಅಕ್ಕನ ಮುಖ ನೋಡಿದೆ. ಇಪ್ಪತ್ತೆರಡು ವರ್ಷ ಅದೇ ಒಲೆಯ ಅನ್ನ ಉಂಡಿದ್ದೇನೆ. ಊರಿನವರ ಮೇಲೆಲ್ಲ ಹರಿಹಾಯುತ್ತ, ನಮ್ಮಕ್ಕ, ನಮ್ಮಕ್ಕ ಎಂದು ಎದೆ ತಟ್ಟಿಕೊಂಡಿದ್ದೇನೆ. “ಈಜು” ಎಂದೆ. ಅಕ್ಕ ನನ್ನ ಮೇಲಿಂದ ಕಣ್ಣು ತೆಗೆದು ನೆಲ ನೋಡಿದಳು. ಬಾಗಿಲು ಸುಮ್ಮನಿತ್ತು.

“ಮೂರನೇದು” ಎಂದ ಉಮಾಪತಿ. ಹೆಸರು ಹೇಳಿದ್ದು ಬಿಟ್ಟರೆ, ತರಕಾರಿಯನ್ನೂ ಇಷ್ಟವನ್ನೂ ಅವನ ತಾಯಿಯೇ ಹೇಳಿದ್ದರು. ಅವನ ದನಿ ಹೀಗಿದೆ ಎಂದು ಆಗಲೇ ಗೊತ್ತಾದದ್ದು. “ಸಂತೋಷ ಅಂದ್ರಲ್ಲ, ಅದು ಸುಳ್ಳು.” ಗುರುಸಿದ್ದಪ್ಪನವರು ಸರ್ರನೆ ತಿರುಗಿ, “ನಿನಗೆ ಹೆಂಗೋ ಗೊತ್ತು?” ಎಂದರು. “ನನಗೂ ಹಂಗೇ ಇದೆ ಮಾವ. ಬೆಳಿಗ್ಗೆಯಿಂದ” ಎಂದ. ಅಕ್ಕ ತಲೆಯೆತ್ತಿ ಮೊದಲ ಸಲ ಅವನನ್ನು ನೋಡಿದಳು. “ಮೂರನೇದೇ. ಮೊದಲ್ನೇದೂ ನಿಜ, ಎರಡನೇದೂ ನಿಜ” ಎಂದಳು. “ದಾಕ್ಷಾಯಿಣಿ!” ಎಂದು ಅವ್ವ ಬಾಯಿಗೆ ಸೆರಗು ಒತ್ತಿಕೊಂಡದ್ದೂ, ಚಿಲಕ ಕಟಕ್ ಎಂದದ್ದೂ, ಬಾಗಿಲು ಯಾರೂ ಮುಟ್ಟದೆ ಗೋಡೆಯವರೆಗೆ ತೆರೆದುಕೊಂಡದ್ದೂ ಒಂದೇ ಸಲ ಆಯಿತು.

“ತೆಗೀತು! ತೆಗೀತು ಕಣ್ರೇ!” ಎಂದು ಸಿದ್ದಕ್ಕ ಬೀದಿಗೆಲ್ಲ ಸಾರಿದಳು. ಮೇಡಂ ಪೀಪಿ ಊದಿ, ತಾವೇ ಚಪ್ಪಾಳೆ ಹೊಡೆದುಕೊಂಡು, ಬಲೂನು ಹುಡುಕತೊಡಗಿದರು. ಚಿಕ್ಕಪ್ಪ ಎಲೆ ಹಾಕಿಸಲು ಹೊರಗೆ ಓಡಿದ. ಗುರುಸಿದ್ದಪ್ಪನವರು ಪರದೆ ಮಾರಿ ದೊಡ್ಡವರಾದವರು, ಯಾವುದರ ಮೇಲೆ ಯಾವಾಗ ಏನು ಎಳೆಯಬೇಕೆಂದು ಬಲ್ಲರು. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, “ಆಟದಲ್ಲಿ ಆಡಿದ್ದನ್ನ ಯಾರೂ ಮನಸ್ಸಿಗೆ ಹಚ್ಕೋಬೇಡಿ. ಕದ ತೆಗೀತು, ಶಾಸ್ತ್ರ ಮುಗೀತು. ರಾಹುಕಾಲಕ್ಕೆ ಮುಂಚೆ ತಾಂಬೂಲ ಬದಲಾಯಿಸಿಬಿಡೋಣ” ಎಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಆ ಮನೆಗೆ ಬಂದ ಮೇಲೆ ಮೊದಲ ಸಲ ನೆಟ್ಟಗೆ ಹೆಸರು ಹಿಡಿದು ಮಾತಾಡಿಸಿದರು. “ಏನಪ್ಪಾ ಪಂಚಾಕ್ಷರಿ, ಈ ಮನೆಗೆ ಗಂಡು ದಿಕ್ಕು ನೀನು. ನಿನ್ನ ಮಾತೇ ಮಾತು. ಹೂಂ ಅಂತೀಯೋ, ಊಹೂಂ ಅಂತೀಯೋ?”

ಬೆಳಿಗ್ಗೆಯಿಂದ ನಾನು ಮಾತಾಡಲು ಹಾತೊರೆದದ್ದಕ್ಕೆ ಈಗ ಕೋಣೆಯೇ ಜಾಗ ಬಿಟ್ಟಿತ್ತು. ಅವ್ವನ ತುಟಿ ದನಿಯಿಲ್ಲದೆ ಹೂಂ, ಹೂಂ ಎನ್ನುತ್ತಿತ್ತು. ಅಕ್ಕ ನನ್ನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು ಕೆಂಪು ದಾರ ಸುತ್ತುತ್ತಿದ್ದಳು. ಅದರ ಇನ್ನೊಂದು ತುದಿ ಉಮಾಪತಿಯ ಕೈಯಲ್ಲಿತ್ತು. ಅವನು ಬಿಡುತ್ತಿದ್ದಾನೋ ಹಿಡಿಯುತ್ತಿದ್ದಾನೋ ನನಗೆ ತಿಳಿಯಲಿಲ್ಲ. ಕೇಳಬೇಕಾದದ್ದು ಅವಳನ್ನು, ಅವಳು ಈಜುತ್ತಾಳೆಂದೂ ಗೊತ್ತಿಲ್ಲದ ನನ್ನನ್ನಲ್ಲ. ಗುರುಸಿದ್ದಪ್ಪನವರ ಕೈಯನ್ನು ಹೆಗಲಿನಿಂದ ಇಳಿಸಿದೆ. ದಾರಗಳ ಕೆಳಗೆ ಬಗ್ಗಿ, ಹೊಸ್ತಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿದೆ.

“ಏಯ್, ನಿನ್ನನ್ನೇ ಕಣಯ್ಯ ಕೇಳ್ತಿರೋದು!”

ಮೆಟ್ಟಿಲ ಮೇಲೆ ಸೇರಿದ್ದ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಿಂದಿನಿಂದ ಅದೇ ಪ್ರಶ್ನೆ ಇನ್ನೂ ಗಟ್ಟಿಯಾಗಿ ಬಂತು. ನಾನು ನಲ್ಲಿಕಟ್ಟೆ ದಾಟಿ ಪೇಟೆಯ ಕಡೆಗೆ ನಡೆದೆ.